ಮಂಗಳವಿಲ್ಲದ ಕಛೇರಿ

ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ನಮ್ಮ ಎಲ್‌ಆರ್‌ಟಿ ರೈಲು ನಿಲ್ದಾಣದಿಂದ ಮಾಲ್‌ಗೆ ಹೋಗುವ ದಾರಿಯುದ್ದಕ್ಕೂ ಬೆಂಚುಗಳಿವೆ. ಕಾಲೇಜು ಹುಡುಗರು ಅಲ್ಲಿ ತಪಾವ್, ಅಂದರೆ ಹೋಟೆಲಿನಿಂದ ಕಟ್ಟಿಸಿ ತಂದ ಊಟದ ಪೊಟ್ಟಣ ಬಿಚ್ಚಿಕೊಂಡು ಸಂಜೆಯೆಲ್ಲ ಹರಟುತ್ತಿದ್ದರು. ಅವರನ್ನು ಎಬ್ಬಿಸಲೆಂದೇ ಮಾಲ್‌ನವರು ಸ್ಪೀಕರ್ ಕಟ್ಟಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಹಾಕತೊಡಗಿದರು. ಹುಡುಗರು ಜಾಗ ಖಾಲಿ ಮಾಡಿದರು. ಹಾಡುವವಳ ಮಗಳಾದ ನನಗೆ ಮೈಯೆಲ್ಲ ಉರಿಯಿತು. ಕಾಗೆ ಓಡಿಸಲು ಇವರಿಗೆ ಪಿಟೀಲೇ ಬೇಕಿತ್ತೇ?

ಆಗ ಅಮ್ಮ ಉಡುಪಿಯಿಂದ ಬಂದು ನಮ್ಮ ಜೊತೆಗಿದ್ದಳು. ಜೀವಮಾನವಿಡೀ ಹಾಡಿದವಳು, ಹಾಡು ಕಲಿಸಿದವಳು, ಅಪ್ಪ ತೀರಿಕೊಂಡ ಮೇಲೆ ಒಂದು ಸ್ವರವನ್ನೂ ಎತ್ತಿರಲಿಲ್ಲ. ಒತ್ತಾಯಿಸಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಅವಳ ಹಾಡು ಇನ್ನೆಂದೂ ಕೇಳಲಾರೆನೇನೋ ಎಂದು ನನಗೆ ಹೆದರಿಕೆಯಾಗಿತ್ತು.

ಒಂದು ಸಂಜೆ ತರಕಾರಿ ಕೊಂಡು ಬರುವಾಗ ಅಮ್ಮ ಆ ಬೆಂಚಿನ ಮೇಲೆ ಕುಳಿತಳು. ತೊಡೆಯ ಮೇಲೆ ತಾಳ ಹಾಕಲು ನೋಡಿದಳು. ಲೆಕ್ಕ ತಪ್ಪಿತು, ಬಿಟ್ಟಳು. ಕಣ್ಣು ಮುಚ್ಚಿ ಕೇಳತೊಡಗಿದಳು.

"ನುಡಿಸುವವ್ರು ಅಷ್ಟೂ ಜನ ಸೇರಿ ಒಂದೇ ಉಸಿರು ತೆಗೊಳ್ತಾರಲ್ಲ," ಎಂದಳು.

ದಿನವೂ ಸಿಡುಕುತ್ತ ಹಾದುಹೋಗುತ್ತಿದ್ದ ನನಗೂ ಆಗ ಆ ಉಸಿರು ಕೇಳಿಸಿತು. ಬೆರಗಾಗಿ ಪಕ್ಕದಲ್ಲಿ ಕುಳಿತೆ. ಬಹಳ ಹೊತ್ತಾದ ಮೇಲೆ ಹೊರಡೋಣವೆಂದೆ.

"ಇನ್ನೂ ಮಂಗಳ ಆಗ್ಲಿಲ್ಲ ಮಾರಾಯ್ತಿ. ಕಛೇರಿ ಮಧ್ಯೆ ಎದ್ದು ಹೋಗುದುಂಟಾ?"

ಮಂಗಳ ಹಾಡಿ ಕಛೇರಿ ಮುಗಿಸುವ ತನಕ ಏಳಬಾರದೆಂಬುದು ನಮ್ಮ ಮನೆಯ ಶಿಸ್ತು. ಸ್ಪೀಕರಿನಲ್ಲಿ ಮಂಗಳ ಎಲ್ಲಿಂದ ಬರಬೇಕು? ಒಂದು ಮುಗಿದರೆ ಇನ್ನೊಂದು ಶುರುವಾಗುತ್ತಿತ್ತು. ಜನರನ್ನು ಎಬ್ಬಿಸಲು ಹಾಕಿದ ಸಂಗೀತ ಅಮ್ಮನನ್ನು ಕಟ್ಟಿ ಕೂರಿಸಿತ್ತು.

ಕಾವಲಿನವನು ಬಂದ. ಇಲ್ಲಿ ತುಂಬ ಹೊತ್ತು ಕೂರುವ ಹಾಗಿಲ್ಲವೆಂದು ತಮಿಳಿನಲ್ಲಿ ಮೆಲ್ಲಗೆ ಹೇಳಿದ. ನಾನು ಜಗಳಕ್ಕೆ ಬಾಯಿ ತೆರೆದೆ. ಅಮ್ಮ ನನ್ನ ಕೈ ಹಿಡಿದು ತಡೆದಳು.

"ಅವ್ರು ಮಂಗಳ ಹಾಡುದಿಲ್ಲಾಂದ್ರೆ ನಾವೇ ಮುಗಿಸ್ಬೇಕಷ್ಟೆ."

ಪಿಟೀಲು ಬಿಟ್ಟ ಕೊನೆಯ ಸ್ವರವನ್ನೇ ಆಧಾರ ಮಾಡಿಕೊಂಡು ಅಮ್ಮ ಮಂಗಳ ಎತ್ತಿದಳು. ದನಿ ಮೊದಲು ಒಡೆಯಿತು, ಆಮೇಲೆ ನಿಂತಿತು. ಮೇಲೆ ಸ್ಪೀಕರಿನಲ್ಲಿ ಬೇರೆ ಸಂಗೀತ ಶುರುವಾದರೂ ಶ್ರುತಿ ಕದಲಲಿಲ್ಲ. ಕಾವಲಿನವನು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

ಹಾಡು ಮುಗಿಸಿ ಅಮ್ಮ ತರಕಾರಿ ಚೀಲ ಎತ್ತಿಕೊಂಡಳು.

"ಈಗ ಏಳು," ಎಂದಳು.

ನನಗೆ ಏಳಲಾಗಲಿಲ್ಲ.