ಮುಚ್ಚಿಹೋದ ಅಂಗೈ

ನಿನ್ನೆ ಸೊಸೆ ಫೋನಿನಲ್ಲಿ ಮಾತಾಡುತ್ತ ರೊಟ್ಟಿ ಹಂಚನ್ನು ಉರಿಯ ಮೇಲೆ ಮರೆತುಬಿಟ್ಟಳು. ಖಾಲಿ ಹಂಚು ಕಾದು ಕಾದು, ಕಬ್ಬಿಣದ ಘಾಟು ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಯ ಪಡಸಾಲೆಗೂ ಬಂತು. ಅವಳು ಒಳಗೆ ಓಡಿದಳು. ನನ್ನ ಕೈಯಲ್ಲಿದ್ದ ಚಹಾದ ಲೋಟ ಆಗಲೇ ನೆಲದ ಮೇಲಿತ್ತು. ಆ ಘಾಟಿನ ಹಿಂದೆಯೇ ಇನ್ನೊಂದು ವಾಸನೆ ಬರಬೇಕೆಂದು ನನ್ನ ಮೂಗು ಕಾಯುತ್ತಿತ್ತು, ಚರ್ಮ ಸುಡುವ ವಾಸನೆ. ಅದು ಬರಲಿಲ್ಲ. ನೆನಪಿಗೆ ಬಂದವರು ಖಾನಾವಳಿ ಅಯ್ಯ.

ಎರಡನೇ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದ ಕಾಲ. ನಾನೂ ಅವ್ವನೂ ಸಿರುಗುಪ್ಪದಿಂದ ಬಳ್ಳಾರಿಗೆ ಬಂದಿದ್ದೆವು. ಬಂದಿದ್ದೆವು ಎನ್ನುವುದಕ್ಕಿಂತ ತಪ್ಪಿಸಿಕೊಂಡಿದ್ದೆವು ಎನ್ನಬೇಕು. ನಮ್ಮಪ್ಪ ಬಂಡಿ ಹೊಡೆಯುತ್ತಿದ್ದ. ಎತ್ತಿಗೆ ಒಂದು ಏಟು ಹಾಕಿದರೆ ಅವ್ವನಿಗೆ ಎರಡು. ಒಮ್ಮೆ ಬಾರುಕೋಲಿನ ಹಿಡಿಯಿಂದ ಕಪಾಳಕ್ಕೆ ಬಾರಿಸಿದ್ದಕ್ಕೆ ಅವಳ ಎಡಗಿವಿ ಶಾಶ್ವತವಾಗಿ ಕೆಪ್ಪಾಯಿತು. ರಾರಾವಿಯ ಕಡೆಯ ಒಬ್ಬ ಮುದುಕನಿಗೆ ನನ್ನನ್ನು ಎರಡನೆಯವಳಾಗಿ ಕೊಡುವುದಾಗಿ ಅವನು ಮಾತು ಕೊಟ್ಟ ದಿನವೇ ಅವ್ವ ನನ್ನ ಕೈ ಹಿಡಿದು ಬಸ್ಸು ಹತ್ತಿದಳು.

ಕೌಲ್ ಬಜಾರಿನ ಅಯ್ಯನ ಖಾನಾವಳಿಯಲ್ಲಿ ಅವ್ವನಿಗೆ ರೊಟ್ಟಿ ಬಡಿಯುವ ಕೆಲಸ ಸಿಕ್ಕಿತು. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ನಮ್ಮ ಬಿಡಾರ. ಉಣ್ಣಲು ಬರುತ್ತಿದ್ದವರೆಲ್ಲ ಹತ್ತಿ ಅಂಡಿಗೆ ಹೊರುವ ಹಮಾಲರು. ಬೈಗುಳವಿಲ್ಲದೆ ಉಪ್ಪು ಕೇಳುವುದೂ ಅವರಿಗೆ ಗೊತ್ತಿರಲಿಲ್ಲ.

ಅಯ್ಯ ಕುರುಗೋಡಿನ ಕಡೆಯ ಒಂದು ಮಠದಲ್ಲಿ ಮರಿಯಾಗಿ ಬೆಳೆದವರು, ಮುಂದೆ ಸ್ವಾಮಿಗಳಾಗಬೇಕಾಗಿದ್ದವರು. ಜೊತೆಯ ಮರಿಯೊಬ್ಬ ಏನೋ ಅಣಕಿಸಿದ ಅಂತ ಸೌದೆಯ ತುಂಡಿನಿಂದ ಅವನ ಮುಖಕ್ಕೆ ಹೊಡೆದರು. ಅವನ ಒಂದು ಕಣ್ಣು ಹೋಯಿತು. ಮಠದ ಹಿರಿಯರು ಇವರನ್ನು ಹೊರಗೆ ಹಾಕಿದರು. ಹಾಕುವಾಗ ಒಂದು ಮಾತು ಹೇಳಿ ಕಳಿಸಿದರಂತೆ. ಅಯ್ಯನೇ ಅವ್ವನಿಗೆ ಹೇಳಿದ್ದು:

"ಸಿಟ್ಟು ಬಂದಾಗ ಎಡಗೈ ತೆರಿ ಅಂದ್ರು, ಯವ್ವಾ. ಲಿಂಗ ಕುಂದ್ರೋ ಕೈ ಅದು. ಬರಿಗೈ ಇದ್ರೂ ಅದ್ರಾಗ ಲಿಂಗ ಐತಿ ಅಂತ ನೋಡು, ಉಸುರು ತಣ್ಣಗಾಗೋತನ ನೋಡು ಅಂದ್ರು. ಮಠದಾಗ ಮಾಡಲಾರದ್ದನ್ನ ಬಜಾರದಾಗ ಮಾಡಾಕ ಹತ್ತೀನಿ."

ನಿಜಕ್ಕೂ ಮಾಡುತ್ತಿದ್ದರು. ಹಮಾಲರಿಗೆ ಅದೊಂದು ಮೋಜು. ಸಾರಿನಲ್ಲಿ ನೊಣ ಬಿದ್ದಿದೆ ಎಂದು ಸುಳ್ಳೇ ಕೂಗಾಡುವರು. ಅಯ್ಯನ ಕುತ್ತಿಗೆಯ ನರ ಉಬ್ಬುವುದು, ಬಲಗೈ ಸೌಟನ್ನು ಹಿಂಡುವುದು. ಆಮೇಲೆ ಎಡಗೈ ಮೆಲ್ಲಗೆ ಎದೆಯ ಮಟ್ಟಕ್ಕೆ ಬಂದು ತೆರೆದುಕೊಳ್ಳುವುದು. ಅದನ್ನೇ ನೋಡುತ್ತ ನಿಂತುಬಿಡುವರು, ಒಲೆಯ ಮೇಲಿನ ಬೇಳೆ ಉಕ್ಕಿದರೂ ಸರಿ. "ನೋಡ್ರಲೇ, ಅಯ್ಯಾರು ಕೈರೇಖಿ ಓದಾಕ ಹತ್ಯಾರ" ಎಂದು ಅವರು ನಗುವರು. ನನಗೆ ನಗು ಬರುತ್ತಿರಲಿಲ್ಲ. ಗಂಡಸೊಬ್ಬ ಸಿಟ್ಟು ಬಂದೂ ಹೊಡೆಯದೆ ಇರಬಲ್ಲ ಎನ್ನುವುದನ್ನು ನಾನು ಕಂಡದ್ದೇ ಅಲ್ಲಿ.

ಮಠದ ಪಂಕ್ತಿಯ ಇನ್ನೊಂದು ನಿಯಮವನ್ನೂ ಅವರು ಖಾನಾವಳಿಗೆ ತಂದಿದ್ದರು. ಎಲ್ಲರಿಗೂ ಬಡಿಸಿದ ಮೇಲೆ ಮೊದಲ ತುತ್ತನ್ನು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ತುಟಿ ಪಿಟಕ್ಕೆನ್ನದೆ ಕೂರಬೇಕು. ಅಯ್ಯ ಮೂಲೆಯ ಮಣೆಯ ಮೇಲೆ ಕೂತು ತಾವೂ ಕಣ್ಣು ಮುಚ್ಚುವರು. ಅವರು "ಶಿವಾ" ಎಂದ ಮೇಲೆಯೇ ತುತ್ತು ಬಾಯಿಗೆ. ನಡುವೆ ಯಾರಾದರೂ ಪಿಸುಗುಟ್ಟಿದರೆ ಅವನ ಗಂಗಾಳ ಎತ್ತಿ ಒಳಗಿಡುವರು, ಅವನಿಗೆ ಆ ಹೊತ್ತು ಉಪವಾಸ. ಬಿಸಿರೊಟ್ಟಿಯ ಆಸೆಗೆ ಆ ಪುಂಡರೆಲ್ಲ ಒಳ್ಳೆಯ ಮಕ್ಕಳಾಗಿ ಕೂರುವರು. ಅಡುಗೆಮನೆಯಲ್ಲಿ ನಾವೂ ಅಷ್ಟೇ. ರೊಟ್ಟಿ ಬಡಿಯುವ ಸದ್ದೂ ನಿಲ್ಲಬೇಕು. ಆ ಮೌನ ನನಗೆ ಎಷ್ಟು ಇಷ್ಟವಾಗುತ್ತಿತ್ತು... ನಮ್ಮ ಮನೆಯಲ್ಲಿ ಸದ್ದಿಲ್ಲ ಎಂದರೆ ಹೊಡೆತ ಬರಲಿದೆ ಎಂದೇ ಅರ್ಥ. ಇಲ್ಲಿ ಹಾಗಿರಲಿಲ್ಲ.

ಅಪ್ಪ ಬಂದದ್ದು ಆ ಮೌನದಲ್ಲೇ.

ಮಧ್ಯಾಹ್ನ. ಹೊಟ್ಟೆಯೊಳಗೆ ಕಳ್ಳಭಟ್ಟಿ ಇತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹಿತ್ತಿಲ ಬಾಗಿಲಿನಿಂದ ನೇರ ಒಲೆಯ ಹತ್ತಿರಕ್ಕೇ ಬಂದ. ಅವ್ವನ ಕೆಪ್ಪುಕಿವಿ ಆ ಕಡೆಗಿತ್ತು. ತುರುಬು ಹಿಡಿದು ಹಿಂದಕ್ಕೆ ಜಗ್ಗಿ, ಮೊಣಕಾಲಿನಿಂದ ಬೆನ್ನಿಗೆ ಗುದ್ದಿದ. ಅವ್ವ ಚೀರಲಿಲ್ಲ. ಈಗಲೂ ನನ್ನ ಹೊಟ್ಟೆ ಉರಿಯುವುದು ಇದಕ್ಕೇ. ನಿಯಮ ಮುರಿದೀತೆಂದು ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಪ್ಪ ಅವಳ ತಲೆಯನ್ನು ಗೋಡೆಗೆ ಅಪ್ಪಳಿಸಿದ. ಬಾಗಿಲಿನಾಚೆ ಪಂಕ್ತಿಯಲ್ಲಿ ಅರೆಗಣ್ಣು ಬಿಟ್ಟಿದ್ದ ಇಬ್ಬರು ಮೂವರು ಅದನ್ನು ಕಂಡರು, ನಾನು ಅವರನ್ನು ಕಂಡೆ. ತುತ್ತು ಹಿಡಿದ ಕೈ ಹಾಗೇ ಇತ್ತು. ಅಂಡಿಗೆ ಎತ್ತುವ ತೋಳಿನವರು, ಗಂಗಾಳ ಹೋದೀತೆಂದು ಕೂತೇ ಇದ್ದರು. ಅಪ್ಪ ಒಲೆಯಿಂದ ಬೆಂಕಿ ಕೆದಕುವ ಸಲಾಕೆ ಎಳೆದ. ಅದರ ತುದಿ ಕೆಂಪಗಿತ್ತು.

"ಅಯ್ಯಾರ, ಕಣ್ಣು ತೆಗೀರಿ!" ಎಂದು ಒದರಿದೆ.

ಅಯ್ಯ ಹೇಗೆ ಬಂದರೋ ನನಗೆ ಕಾಣಲಿಲ್ಲ. ಸಲಾಕೆ ಅವ್ವನ ಮುಖದ ಹತ್ತಿರ ಇಳಿಯುತ್ತಿತ್ತು, ಅವರು ಎಡಗೈಯಲ್ಲಿ ಅದರ ಕೆಂಪು ತುದಿಯನ್ನೇ ಹಿಡಿದರು. ಚುಂಯ್ ಎಂದಿತು. ವಾಸನೆ ಬಂತು... ಬಲಗೈಯಲ್ಲಿ ಅವರು ಸೌದೆಯ ತುಂಡು ಎತ್ತಿದ್ದರು, ಅಪ್ಪನ ನೆತ್ತಿಗೆ ನೇರವಾಗಿ. ಒಂದು ಏಟಿಗೆ ಅಪ್ಪ ಮುಗಿಯುತ್ತಿದ್ದ, ಅಯ್ಯನ ಅಷ್ಟು ವರ್ಷದ ಸಾಧನೆಯೂ ಮುಗಿಯುತ್ತಿತ್ತು. ಅವರು ತಮ್ಮ ಎಡಗೈಯನ್ನು ನೋಡಿದರು, ದಿನವೂ ನೋಡುವಂತೆಯೇ. ಅದರಿಂದ ಹೊಗೆ ಏಳುತ್ತಿತ್ತು. ಸೌದೆ ಕೆಳಗೆ ಬಿತ್ತು. ಸಲಾಕೆಯನ್ನು ಮಾತ್ರ ಅಪ್ಪ ಬಿಡುವತನಕ ಅವರು ಬಿಡಲಿಲ್ಲ.

ಆಮೇಲೆ ಹಮಾಲರಿಗೆ ಪೌರುಷ ಬಂತು. ಅಪ್ಪನನ್ನು ಬೀದಿಗೆ ಎಳೆದು ತುಳಿದರು. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ನನಗೆ ಸಂತೋಷವಾಯಿತು, ಇವತ್ತಿಗೂ ಆಗುತ್ತದೆ. ಅಯ್ಯ ಮಾತ್ರ ಸುಟ್ಟ ಕೈ ಎದೆಗವಚಿಕೊಂಡು ನಡುವೆ ನುಗ್ಗಿ, "ಬಿಡ್ರಲೇ, ಸಾಯ್ತಾನ! ಆಗ ಏಳಲಾರದೋರು ಈಗ್ಯಾಕ ಏಳ್ತೀರಿ?" ಎಂದು ಗದರಿದರು. ಅಪ್ಪ ಕುಂಟುತ್ತ ಸಿರುಗುಪ್ಪಕ್ಕೆ ಹೋದವನು ಮತ್ತೆ ನಮ್ಮ ಕಡೆ ತಲೆ ಹಾಕಲಿಲ್ಲ.

ಅಯ್ಯನ ಗಾಯ ಮಾಯಿತು. ಮಾಯುವಾಗ ಚರ್ಮ ಬಿಗಿದು ಬೆರಳುಗಳನ್ನು ಒಳಕ್ಕೆ ಎಳೆದುಕೊಂಡಿತು. ಡಾಕ್ಟರರೂ ಕೈ ಚೆಲ್ಲಿದರು. ಅಂಗೈ ಮುಷ್ಟಿಯಾಗಿಯೇ ಉಳಿಯಿತು. ಪೂಜೆಗೆ ಕೂತಾಗ ಲಿಂಗವನ್ನು ಆ ಮುಷ್ಟಿಯ ಮೇಲೆ ಇಟ್ಟುಕೊಳ್ಳಲು ನೋಡುವರು, ಅದು ಜಾರುವುದು, ಬಲಗೈಯಿಂದ ಹಿಡಿದುಕೊಳ್ಳುವರು. ಸಿಟ್ಟು ಬಂದಾಗ ಎಡಗೈ ಅಭ್ಯಾಸಬಲದಿಂದ ಎದೆಯ ಮಟ್ಟಕ್ಕೆ ಬರುವುದು. ಆದರೆ ತೆರೆಯದು. ಅದನ್ನು ನೋಡಲಾಗದೆ ಅವ್ವ ಒಲೆಯ ಕಡೆ ತಿರುಗುವಳು.

ಊಟದ ನಿಯಮವನ್ನು ಅವರೇ ಬದಲಾಯಿಸಿದರು. ಪಂಕ್ತಿಯ ಮುಂದೆ ನಿಂತು ಹೇಳಿದರು:

"ಇನ್ನ ಮ್ಯಾಲೆ ಯಾರೂ ಕಣ್ಣು ಮುಚ್ಚಬ್ಯಾಡ್ರಿ. ನಾ ಒಳಗ ಶಿವನ್ನ ಹುಡುಕಾಕ ಹೋಗಿದ್ದೆ, ಹೊರಗ ಇಕಿ ಸಾಯಾಕ ಹತ್ತಿದ್ಲು. ಮೊದಲ ತುತ್ತು ಹಿಡದು ಬಾಜೂಕ ಕುಂತವರ ಮುಖಾ ನೋಡ್ರಿ. ಏನರ ಕಂಡ್ರ ಕೇಳ್ರಿ. ಆಮ್ಯಾಲೆ ಉಣ್ರಿ."

"ಇವನ ಮುಖಾ ನೋಡಿದ್ರ ಉಂಡದ್ದು ಒಳಗ ಇಳಿಯಂಗಿಲ್ಲರಿ ಅಯ್ಯಾರ" ಎಂದ ಒಬ್ಬ. ಎಲ್ಲರೂ ನಕ್ಕರು. ಆದರೂ ನೋಡಿದರು.

ಬಳ್ಳಾರಿ ಮೈಸೂರಿಗೆ ಸೇರಿದ ವರ್ಷ ಅಯ್ಯ ಜ್ವರದಲ್ಲಿ ತೀರಿಕೊಂಡರು. ಕುರುಗೋಡಿನಲ್ಲೇ ಮಣ್ಣು ಮಾಡಬೇಕೆಂಬುದು ಅವರ ಆಸೆ. ಹೊರಗೆ ಹಾಕಿದ್ದ ಮಠವೇ ಜಾಗ ಕೊಟ್ಟಿತು. ನಮ್ಮಲ್ಲಿ ಹೆಣವನ್ನು ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಹೂಳುತ್ತಾರೆ. ಅಂಗೈ ಎಲ್ಲಿತ್ತು? ವಿಧಿ ಮಾಡಿಸುತ್ತಿದ್ದ ಜಂಗಮ ಹುಡುಗ ಗುಂಡಿಗಿಳಿದು ಮುಷ್ಟಿ ಬಿಡಿಸಲು ನೋಡಿದ. ಒಂದು ಬೆರಳು ಲಟಕ್ಕೆಂದಿತು. "ಬ್ಲೇಡ್ ಕೊಡ್ರಿ, ಚರ್ಮ ಕೊಯ್ದ್ರ ಬಿಡ್ತೈತಿ" ಎಂದ.

ಹೆಂಗಸರ ಗುಂಪಿನಿಂದ ಅವ್ವ ನುಗ್ಗಿದಳು. ಜೀವಮಾನವಿಡೀ ಹೊಡೆಸಿಕೊಂಡವಳು, ಒಂದು ಇರುವೆಗೂ ಕೈ ಎತ್ತದವಳು, ಗುಂಡಿಯೊಳಗೆ ಬಗ್ಗಿ ಆ ಹುಡುಗನ ಕಪಾಳಕ್ಕೆ ಫಟಾರನೆ ಬಾರಿಸಿದಳು.

"ಬಿಡೋ ಕೈ! ಅದು ಮುಚ್ಚಿದ್ದು ನನ್ನ ಸಲುವಾಗಿ. ಮುಚ್ಚೇ ಇರ್ಲಿ!"

ಗಂಡಸರು ಗದ್ದಲ ಎಬ್ಬಿಸಿದರು. ಆಗ ಮಠದ ಹಿರಿಯರೊಬ್ಬರು ಕೋಲೂರಿಕೊಂಡು ಮುಂದೆ ಬಂದರು. ಅವರಿಗೆ ಒಂದೇ ಕಣ್ಣು. ಯಾರೆಂದು ಎಲ್ಲರಿಗೂ ಗೊತ್ತಿತ್ತು. ಬಗ್ಗಿ ಆ ಮುಷ್ಟಿಯನ್ನು ಬಹಳ ಹೊತ್ತು ನೋಡಿದರು.

"ಇವನ ಬಲಗೈ ನನಗ ಗೊತ್ತೈತಿ" ಎಂದರು. "ಎಡಗೈ ಇವತ್ತ ನೋಡಿದೆ. ಲಿಂಗ ಮುಷ್ಟಿ ಮ್ಯಾಲೇ ಇಡ್ರಿ."

ತಮ್ಮ ಹೆಗಲ ಮೇಲಿನ ಕಾವಿ ವಸ್ತ್ರ ಹರಿದು, ಜಾರದಂತೆ ಅವರೇ ಕಟ್ಟಿದರು.

ಅವ್ವ ಹೋಗಿ ಎಷ್ಟೋ ಕಾಲವಾಯಿತು. ಖಾನಾವಳಿ ಇದ್ದ ಜಾಗದಲ್ಲಿ ಈಗ ಆಟೊ ರಿಪೇರಿ ಮಾಡುತ್ತಾರೆ. ಕುರುಗೋಡಿನ ಆ ಗದ್ದುಗೆಯನ್ನು ಹುಡುಕಿಕೊಂಡು ಒಮ್ಮೆ ಹೋಗಿದ್ದೆ, ಗುರುತು ಸಿಗಲಿಲ್ಲ... ನಿನ್ನೆ ಹಂಚು ತಣ್ಣಗಾದ ಮೇಲೆ ಸೊಸೆ, ನಾನು ಊಟಕ್ಕೆ ಕೂತೆವು. ಮೊದಲ ತುತ್ತು ಹಿಡಿದು ಅವಳ ಮುಖ ನೋಡಿದೆ. ಇಷ್ಟು ವರ್ಷದಿಂದ ನೋಡುತ್ತೇನೆ, ಅವಳಿಗೆ ರೂಢಿಯಾಗಿದೆ. ನಿನ್ನೆ ಮಾತ್ರ ಅವಳು ತುತ್ತು ಕೆಳಗಿಟ್ಟಳು.

"ಅತ್ತೀ, ನಿಮ್ಮ ಕಣ್ಣಾಗ ನೀರು ಬಂದೈತಲ್ರಿ. ಏನಾತು?"