ನಡುಬೀದಿಯಲ್ಲಿ ಕೂತ ಮಾದಪ್ಪನವರು

ಗಲಾಟೆ ಆದ ಕಡೆಗೆ ಬಂದ ಲೀಡರುಗಳು ಮೊದಲು ಹುಡುಕುತ್ತಿದ್ದುದು ಹತ್ತಿ ನಿಲ್ಲಲು ಒಂದು ಜಗಲಿಯನ್ನೋ ಗಾಡಿಯನ್ನೋ. ನಮ್ಮ ಮಾದಪ್ಪನವರು ಮಾತ್ರ ಕೂತುಬಿಡುತ್ತಿದ್ದರು. ನಡುಬೀದಿಯಲ್ಲಿ, ಧೂಳಿನಲ್ಲಿ, ಪಂಚೆ ಮಡಚಿಕೊಂಡು. “ನಿಂತೋನ್ನ ಕಂಡ್ರೆ ಕಲ್ಲು ಎಸೀಬೇಕು ಅನ್ನಿಸ್ತೈತೆ ಲೇ. ಕೂತವನ ಮುಂದೆ ಎಷ್ಟೊತ್ತು ಅಂತ ಕೈ ಎತ್ಕೊಂಡಿರ್ತಾರೆ?” ಎನ್ನುತ್ತಿದ್ದರು.

ಮೇಚೇರಿ ಸಂತೆಯಲ್ಲಿ ಕುರಿ ದಲ್ಲಾಳಿಯಾಗಿದ್ದವರು ಅವರು. ಆ ಕಸುಬನ್ನು ನನಗೆ ಕಲಿಸಿದವರೂ ಅವರೇ. ಆಮೇಲೆ ಸೇಲಂಗೆ ಹೋಗಿ, ನೇಕಾರರ ಬೀದಿಯಲ್ಲಿ ಮನೆ ಮಾಡಿ, ಮುನಿಸಿಪಾಲಿಟಿ ಮೆಂಬರಾದರು. ಸಂತೆಯಲ್ಲಿ ನಾವು ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವಲಿನ ಕೆಳಗೆ ಎದುರಿನವನ ಬೆರಳು ಹಿಡಿದು ಹೇಳುತ್ತೇವೆ. ಎರಡು ಬೆರಳು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಯಾರು ಎಷ್ಟು ಇಳಿದರೆಂದು ಸುತ್ತಲಿನವರಿಗೆ ಕಾಣದು, ಹಾಗಾಗಿ ಇಳಿಯಲು ನಾಚಿಕೆಯಿಲ್ಲ. ಇನ್ನೊಂದು ಕಟ್ಟಳೆ: ಕೈ ಒಳಗೆ ಹೋದ ಮೇಲೆ ಮೂರನೆಯವನು ಬಾಯಿ ಬಿಡಕೂಡದು. ಬಿಟ್ಟರೆ ಇಡೀ ಸಂತೆ ಉಗಿಯುತ್ತದೆ. “ಕೈ ಮಾತಾಡ್ವಾಗ ಮುಖ ಮಲಗಿರ್ಬೇಕು” ಎಂಬುದು ಮಾದಪ್ಪನವರು ಕೊಟ್ಟ ಮೊದಲ ಪಾಠ. ವ್ಯಾಪಾರಕ್ಕೆ ಇಳಿಯುವ ಹೊಸಬರು ಇದೊಂದನ್ನು ಕಲಿತರೆ ಸಾಕು. ಮಿಕ್ಕದ್ದನ್ನು ಕುರಿಗಳೇ ಕಲಿಸುತ್ತವೆ.

ಮೆಟ್ಟೂರು ಅಣೆಕಟ್ಟು ಮುಗಿದ ಹೊಸದರಲ್ಲಿ ನೂಲಿನ ಬೆಲೆ ಏರಿ ಸೇಲಂನಲ್ಲಿ ಮಗ್ಗಗಳು ನಿಂತವು. ಒಂದು ಬೆಳಿಗ್ಗೆ ನೇಕಾರರು ರಾಮಲಿಂಗಂ ಎಂಬ ವ್ಯಾಪಾರಿಯ ನೂಲಂಗಡಿಗೆ ನುಗ್ಗಿದರು. ಕಲ್ಲೊಂದು ಅವನ ಹಣೆ ಒಡೆಯಿತು. ಅಷ್ಟಕ್ಕೆ ಬೀದಿಗೆ ಬೀದಿಯೇ ರಣರಂಗವಾಯಿತು. ಪೊಲೀಸರು ಓಡಲಾರದೆ ಸಿಕ್ಕ ಒಂಬತ್ತು ಜನರನ್ನು ಹಿಡಿದು ಒಳಗೆ ಹಾಕಿದರು. ಮರುದಿನ ಸ್ಟೇಷನ್ ಮುಂದೆ ಜನವೋ ಜನ. ಒಂಬತ್ತು ಜನರನ್ನೂ ಬಿಡದೆ ಕದಲುವುದಿಲ್ಲ ಎಂದರು. ಹನ್ನೆರಡು ಗಂಟೆಯೊಳಗೆ ಚದುರದಿದ್ದರೆ ಗುಂಡು ಎಂದು ಪೊಲೀಸ್ ಆಫೀಸರ್ ಸಾರಿದ.

ಊರಿನ ಲೀಡರುಗಳಲ್ಲಿ ಒಬ್ಬರು ಮದ್ರಾಸಿಗೆ ತಂತಿ ಕೊಟ್ಟು ಉತ್ತರಕ್ಕೆ ಕಾಯುತ್ತಿದ್ದರು. ಒಬ್ಬರು ಜ್ವರ ಬಂತೆಂದು ಏರ್ಕಾಡು ಬೆಟ್ಟ ಹತ್ತಿದರು. ಮತ್ತೊಬ್ಬರು ಗಾಡಿಯ ಮೇಲೆ ನಿಂತು ಶಾಂತಿ ಶಾಂತಿ ಎಂದು ಕಿರುಚಿ ಜನರನ್ನು ಇನ್ನಷ್ಟು ಕೆರಳಿಸಿದರು. ಮಾದಪ್ಪನವರು ಆಫೀಸರ್ ಹತ್ತಿರ ಹೋಗಿ, ರಾಮಲಿಂಗಂ ದೂರು ಹಿಂದಕ್ಕೆ ತೆಗೆದುಕೊಂಡರೆ ಬಿಡುವುದಾಗಿ ಒಪ್ಪಿಸಿ, ತಲೆಗೆ ಬಟ್ಟೆ ಸುತ್ತಿದ್ದ ರಾಮಲಿಂಗಂನನ್ನು ಕೈ ಹಿಡಿದು ಕರೆತಂದರು. ನಾನೂ ಅವರ ಒಬ್ಬನೇ ಮಗ ಕೆಂಪಣ್ಣನೂ ಹಿಂದೆಯೇ ಇದ್ದೆವು.

“ಒಂಬದು ಪೇರುಂ ಜೈಲುಕ್ಕು ಪೋಗಣುಂ!” ಒಂಬತ್ತೂ ಜನ ಜೈಲಿಗೆ ಹೋಗಲೇಬೇಕು ಎಂದು ತಮಿಳಿನಲ್ಲಿ ಕೂಗಿದ ರಾಮಲಿಂಗಂ. “ಒಬ್ಬನ್ನ ಬಿಟ್ರೂ ನಾಳೆ ನನ್ನ ಅಂಗಡಿ ಮುಂದೆ ನಾಯಿ ಕೂಡಾ ಕಾಲೆತ್ತುತ್ತೆ.”

“ಬಾರಲೇ, ನಿನ್ನ ಹಣೆಗೆ ಇನ್ನೊಂದು ಬೊಟ್ಟು ಇಡ್ತೀವಿ!” ಎಂದು ಗುಂಪು ಕೂಗಿತು.

ಮಾದಪ್ಪನವರು ಕೂತರು. ರಾಮಲಿಂಗಂನನ್ನೂ ಎಳೆದು ಕೂರಿಸಿದರು. ನನ್ನ ಹೆಗಲ ಟವಲು ತೆಗೆದು ಇಬ್ಬರ ಕೈಗಳ ಮೇಲೆ ಹಾಸಿದರು. ಮುಂದಿನ ಸಾಲಿನಲ್ಲಿ ಇನ್ನೂ ಕೂಗುತ್ತಿದ್ದವನೊಬ್ಬನಿಗೆ ಮುದುಕಿಯೊಬ್ಬಳು, “ಬಾಯಿ ಮುಚ್ಚಲೇ, ಕೈ ಒಳಗೈತೆ!” ಎಂದು ಗದರಿದಳು. ಸಂತೆ ಕಂಡ ಜನ. ಸಾಲಿನಿಂದ ಸಾಲಿಗೆ ಸದ್ದಡಗಿತು. ಲಾಠಿಗೆ ಅಡಗದ ಗುಂಪು ಒಂದು ಟವಲಿಗೆ ಅಡಗಿದ್ದನ್ನು ಕಂಡು ಆಫೀಸರ್ ಟೋಪಿ ತೆಗೆದು ಬೆವರು ಒರೆಸಿಕೊಂಡ.

ಎಷ್ಟು ಹೊತ್ತಾಯಿತೋ. ಕಡೆಗೆ ರಾಮಲಿಂಗಂ ಕೈ ಹೊರಗೆ ತೆಗೆದು ಬಾಯಿ ಬಿಟ್ಟ: “ಒಬ್ಬ. ಒಬ್ಬನಾದ್ರೂ ಬೇಕು.”

ಒಂಬತ್ತರಿಂದ ಒಂದಕ್ಕೆ! ನಾನು ಬಗ್ಗಿ ಪಿಸುಗುಟ್ಟಿದೆ: “ಅಣ್ಣಾ, ಅವ್ರಲ್ಲಿ ಮದ್ವೆ ಆಗ್ದಿರೋ ಒಬ್ಬನ್ನ ಕೊಟ್ಬಿಡಿ, ಮುಗೀತೈತೆ.”

“ಅವ್ರಲ್ಲಿ ಯಾರೂ ಆ ಕಲ್ಲು ಎಸೆದಿಲ್ಲ ಲೇ” ಎಂದರು. ಎದ್ದು ನಿಂತು ಕೆಂಪಣ್ಣನ ಕಡೆ ಕೈ ತೋರಿಸಿದರು. “ಎಸೆದೋನು ನನ್ನ ಮಗ. ನಿನ್ನೆ ಅವನೇ ನನ್ನತ್ರ ಒಪ್ಕೊಂಡ. ಮೆಂಬರ್ ಮನೆ ಅಂತ ಪೊಲೀಸ್ನೋರು ಬರ್ನಿಲ್ಲ. ಕರ್ಕೊಂಡ್ ಓಗ್ರಪ್ಪ.”

ಹನ್ನೆರಡು ಹೊಡೆಯುವಷ್ಟರಲ್ಲಿ ಬೀದಿ ಖಾಲಿಯಾಗಿತ್ತು. ಒಂದು ಗುಂಡೂ ಹಾರಲಿಲ್ಲ. ಒಂಬತ್ತು ಮನೆಯವರು ಬಂದು ಮಾದಪ್ಪನವರ ಕಾಲಿಗೆ ಬಿದ್ದರು. ನಾಯಕ ಅಂದರೆ ಹೀಗಿರಬೇಕೆಂದು ನಾನು ಊರೂರಲ್ಲಿ ಹೇಳಿಕೊಂಡು ತಿರುಗಿದೆ. ಈಗಲೂ ಹೇಳುತ್ತೇನೆ.

ಕೆಂಪಣ್ಣ ಜೈಲಿನಿಂದ ಹೊರಬಿದ್ದ ಮೇಲೆ ಮನೆಗೆ ಬರಲಿಲ್ಲ. ಎಡಪ್ಪಾಡಿಗೆ ಹೋಗಿ ಯಾರದೋ ಮಗ್ಗದಲ್ಲಿ ಕೂಲಿಗೆ ಕೂತ. ಎರಡು ವರ್ಷ ಕಳೆದು, ಕೆಮ್ಮು ಹಿಡಿದು ಸೊರಗಿದ್ದ ಮಾದಪ್ಪನವರು ನನ್ನನ್ನು ಕರೆಸಿದರು. “ಓಗಿ ಅವನ್ನ ಕರ್ಕೊಂಡ್ ಬಾ. ಎಂಥೆಂಥವ್ರನ್ನ ಒಪ್ಸಿದ್ದೀಯ.”

ಹೋದೆ. ಕೆಂಪಣ್ಣ ಮಗ್ಗ ನಿಲ್ಲಿಸದೆಯೇ ಮಾತಾಡಿದ. “ಅವತ್ತು ನಿಮ್ಮ ಪಕ್ಕದಲ್ಲೇ ನಿಂತಿದ್ದೆ ಮಾವ. ಓಗ್ತೀಯಾ ಮಗ ಅಂತ ಅಪ್ಪ ಒಂದು ಮಾತು ಕೇಳಿದ್ರೆ ನಾನೇ ಓಗ್ತಿದ್ದೆ. ಕೇಳ್ನಿಲ್ಲ. ಮಾರೋವಾಗ ಕುರೀನ ಕೇಳ್ತಾರಾ?”

ದಲ್ಲಾಳಿಯಾದವನು ಮಾತನ್ನು ಮೆತ್ತಗೆ ಮಾಡಿ ತಲುಪಿಸಬೇಕು. ಅಂದು ನನ್ನಿಂದ ಆಗಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ.  ಮರುದಿನ ಬೆಳಿಗ್ಗೆ ಮಾದಪ್ಪನವರು ಎಡಪ್ಪಾಡಿ ಬಸ್ಸಿನ ಹತ್ತಿರ ಸಿಕ್ಕರು. “ಅಣ್ಣಾ, ದೊಡ್ಡವ್ರು ನೀವು. ಅವನೇ ಬರ್ಲಿ, ಕಾಯಿರಿ” ಎಂದು ಬುದ್ಧಿ ಹೇಳಿದೆ.

“ತಪ್ಪು ನಂದು ಲೇ. ನನ್ನ ಕಾಲೇ ನಡೀಬೇಕು” ಎಂದು ಬಸ್ಸು ಹತ್ತಿದರು. ಅವರನ್ನು ನಾನು ಕಂಡದ್ದು ಅದೇ ಕಡೆಯ ಸಲ.

ತಿಂಗಳೊಪ್ಪತ್ತಿಗೆ ಎಡಪ್ಪಾಡಿಯಿಂದ ಸುದ್ದಿ ತಂದವನು ಕೆಂಪಣ್ಣನೇ. ತಲೆ ಬೋಳಿಸಿದ್ದ.