ನೀರಲ್ಲ, ಗಾಳಿ

ಗೋರೆಗಾಂವ್‌ನ ನಮ್ಮ ಗ್ಯಾರೇಜಿಗೆ ಆ ಹಳೇ ಸ್ಪೋರ್ಟ್ಸ್ ಕಾರನ್ನು ಎಳೆದು ತಂದಾಗ ಅದರ ಎಂಜಿನ್ ಪೂರಾ ಜಾಮ್ ಆಗಿತ್ತು. ಎಲ್ಲಾ ಬಿಚ್ಚಿ, ಪಿಸ್ಟನ್ನು ಬೇರಿಂಗು ಬದಲಿಸಿ, ಮತ್ತೆ ಕಟ್ಟಿದೆ. ಕಾರು ಒಬ್ಬ ಮರಾಠಿ ಟೀಚರಮ್ಮನದು, ತೀರಿಕೊಂಡ ಗಂಡ ಬಿಟ್ಟುಹೋದದ್ದು.

ಮೊದಲ ಸಲ ಸ್ಟಾರ್ಟ್ ಮಾಡುವ ದಿನ ಅವರೇ ಬಂದು ಸೀಟಿನಲ್ಲಿ ಕೂತು, ಇದಕ್ಕೆ ನೀರು ಎಲ್ಲಿ ಹಾಕಬೇಕು ಎಂದು ಹಿಂದಿಯಲ್ಲಿ ಕೇಳಿದರು. ಅದು ರೇಡಿಯೇಟರೇ ಇಲ್ಲದ, ಗಾಳಿಯಿಂದ ತಣ್ಣಗಾಗುವ ಎಂಜಿನ್. ನಾನು ನಮ್ಮ ವಿಜಯಪುರದ ಹಿಂದಿಯಲ್ಲಿ, "ಇಸ್ಕು ಪಾನಿ ನಕ್ಕೋ ಮ್ಯಾಡಮ್, ಗಾಳಿ ಹೋನಾ" ಅಂದೆ. ನೀರು ಬೇಡ, ಗಾಳಿ ಬೇಕು ಅಂತ. ಅವರು ನನ್ನನ್ನು ಒಂಥರಾ ನೋಡಿದರು.

ಕೀ ತಿರುಗಿಸಿದರು. ಎಂಜಿನ್ ಗರಗರ ಸುತ್ತಿತೇ ಹೊರತು ಹತ್ತಲಿಲ್ಲ. ಇನ್ನೊಮ್ಮೆ ತಿರುಗಿಸಿದರೂ ಅದೇ ಕಥೆ. ಮತ್ತೆ ಎಲ್ಲಾ ಬಿಚ್ಚಬೇಕೇನೋ ಅನಿಸಿ, ನನ್ನ ಕೈಕಾಲು ಗಾಳಿಯಿಲ್ಲದೆಯೇ ತಣ್ಣಗಾದವು.

ಆಗ ಅವರು ಸ್ಟೀರಿಂಗ್ ಕಡೆ ಬಗ್ಗಿ, ಕ್ಲಾಸಿನಲ್ಲಿ ಗದರುವ ದನಿಯಲ್ಲಿ, "ಗಾಢವಾ, ಆತಾ ತರೀ ಊಠ್" ಅಂದರು. ಕತ್ತೆ, ಈಗಲಾದರೂ ಏಳು ಅಂತ. ಕೀ ತಿರುಗಿಸಿದ್ದೇ ತಡ, ಎಂಜಿನ್ ಗುಡುಗಿತು.

ಪೆಟ್ರೋಲು ಕಾರ್ಬುರೇಟರಿಗೆ ತಲುಪಲು ಅಷ್ಟು ಹೊತ್ತು ಬೇಕಿತ್ತು, ಅಷ್ಟೇ. ಆಯಿಲ್ ಪ್ರೆಶರ್ ನೋಡಿದೆ, ಸರಿಯಿತ್ತು. ಹೋದ ಜೀವ ಬಂದಂತಾಯಿತು.

"ನೀವು ಹೇಳಿದ್ದು ಸರಿ, ಇದಕ್ಕೆ ಗಾಲಿಯೇ ಬೇಕಿತ್ತು" ಎಂದು ಅವರು ನಕ್ಕಾಗ ನನಗೆ ಹೊಳೆಯಿತು: ಹಿಂದಿಯಲ್ಲಿ ಗಾಲಿ ಅಂದರೆ ಬೈಗುಳ.

ತಿದ್ದಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಡ್ಯಾಶ್‌ಬೋರ್ಡ್ ಸವರುತ್ತಾ, "ನಮ್ಮವರೂ ದಿನಾ ಬೈಸಿಕೊಂಡೇ ಏಳುತ್ತಿದ್ದರು" ಅಂದರು.

ಗಾಳಿಯ ಮಾತು ನಾನು ಮತ್ತೆ ಎತ್ತಲಿಲ್ಲ.